ಲೋಕವ್ಯಾಪಿಯ ವಿಳಾಸ

ನನ್ನ ಹೆಂಡತಿ ಬ್ಯಾಕ್ಟೀರಿಯಾಗಳಿಗೆ ಹೆಸರಿಡುವವಳು. ಯಾರಾದರೂ ಕೇಳಿದಾಗ ನಾನು ಹೀಗೆ ಹೇಳುವುದು ಅವಳಿಗೆ ಹಿಡಿಸುವುದಿಲ್ಲ. "ಹೆಸರಿಡೋದು ಕೊನೇ ಕೆಲಸ ರೀ. ಅದಕ್ಕೆ ಮೊದಲು ಅದು ಯಾರ ಮನೇದೂ ಅಲ್ಲ ಅಂತ ಸಾಬೀತು ಮಾಡ್ಬೇಕು," ಅನ್ನುತ್ತಾಳೆ. ಹೊಸದೆಂದು ಕಂಡ ಒಂದೊಂದನ್ನೂ ಅದರ ಹತ್ತಿರದ ನೆಂಟರ ಪಕ್ಕದಲ್ಲಿ ಕೂರಿಸಬೇಕು. ಯಾವ ಸಕ್ಕರೆ ತಿನ್ನುತ್ತದೆ, ಎಷ್ಟು ಉಪ್ಪು ತಡೆಯುತ್ತದೆ, ಎಷ್ಟು ಬಿಸಿಗೆ ಸಾಯುತ್ತದೆ ಎಂದು ವರ್ಷಗಟ್ಟಲೆ ನೋಡಬೇಕು. ಆಮೇಲೆ "ಇದು ಬೇರೆ" ಎನ್ನಬೇಕು. ಆ ಎರಡು ಮಾತು ಹೇಳುವುದರಲ್ಲೇ ಅವಳ ನೌಕರಿಯೆಲ್ಲ ಕಳೆದಿದೆ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಓದಿದ್ದು ಸಂಜೆ ಕಾಲೇಜಿನಲ್ಲಿ. ಅವಳ ಲೇಖನಗಳಲ್ಲಿ ನನಗೆ ಧೈರ್ಯವಾಗಿ ಅರ್ಥವಾಗುವುದು ಅಲ್ಪವಿರಾಮಗಳು ಮಾತ್ರ. ಅವನ್ನಷ್ಟೇ ತಿದ್ದುತ್ತೇನೆ. ಇಲ್ಲಿ ವಿಜ್ಞಾನದ ಮಾತು ಎಲ್ಲಾದರೂ ಸೊಟ್ಟಗಿದ್ದರೆ ಅದು ನನ್ನ ಕಿವಿಯ ದೋಷ, ಅವಳ ಬಾಯಿಯದಲ್ಲ.

ವಿಶ್ವವಿದ್ಯಾಲಯದ ಅವಳ ಮಹಡಿಯಲ್ಲಿ ಎದುರುಬದುರಾಗಿ ಎರಡು ಪ್ರಯೋಗಾಲಯಗಳಿವೆ. ಒಂದು ಇವಳದು, ಇನ್ನೊಂದು ನಮ್ಮ ಬೀಗರದು. ವಿದ್ಯಾರ್ಥಿಗಳು ಬೆನ್ನ ಹಿಂದೆ ಇವಳನ್ನು ಕತ್ತರಿ ಎನ್ನುತ್ತಾರೆ, ಅವರನ್ನು ಗೋಂದು ಎನ್ನುತ್ತಾರೆ. ಎಲ್ಲರೂ ಒಂದೇ ಎಂದುಕೊಂಡಿದ್ದನ್ನು ಇವಳು ನೋಡಿ ನೋಡಿ ನಾಲ್ಕು ಮಾಡುತ್ತಾಳೆ. ನಾಲ್ಕಿದ್ದದ್ದನ್ನು ಅವರು ಬಳಿದು ಅಂಟಿಸಿ ಒಂದು ಮಾಡುತ್ತಾರೆ. ಇಬ್ಬರಿಗೂ ಅದೇ ಹೊಟ್ಟೆಪಾಡು.

ಇವಳು ಇಟ್ಟ ಹೆಸರುಗಳನ್ನು ಅವರು ಒಂದೊಂದಾಗಿ ಅಳಿಸಿಕೊಂಡೇ ಬಂದರು. ಉಪ್ಪಿನ ಗುಂಡಿಯಲ್ಲಿ ಸಿಕ್ಕಿದ್ದು ಮೊದಲು ಹೋಯಿತು. ಕಾಗದದ ಕಾರ್ಖಾನೆಯ ಚರಂಡಿಯದು ಆಮೇಲೆ. ಅವರ ಲೇಖನ ಬಂದಾಗಲೆಲ್ಲ ಇವಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಜೋಡಿಸುತ್ತಿದ್ದಳು. ಇಂಥವರ ಮಗನನ್ನೇ ನಮ್ಮ ಮಗಳು ಮೆಚ್ಚಿ ತಂದಳು. ಹಾವು ಮುಂಗುಸಿ ಬೀಗರಾದ ಹಾಗಾಯಿತು. ಮದುವೆಯಾದ ಮೇಲೂ ಜಗಳ ನಿಲ್ಲಲಿಲ್ಲ, ಅದಕ್ಕೆ ಮರ್ಯಾದೆ ಸೇರಿಕೊಂಡಿತು ಅಷ್ಟೆ.

"ಬೀಗಿತಿಯವರೇ, ತಪ್ಪು ತಿಳ್ಕೋಬೇಡಿ, ನಿಮ್ಮ ಚರಂಡಿದು ಅಷ್ಟೇನೂ ಹೊಸದಲ್ಲ ಅನ್ಸುತ್ತೆ."

"ಅಯ್ಯೋ, ತಪ್ಪೇನು ಬಂತು ಬೀಗರೇ. ನೀವು ಕಣ್ಣಿನ ಪೊರೆ ತೆಗೆಸಿದ್ಮೇಲೆ ಇನ್ನೊಂದ್ ಸಲ ನೋಡಿ."

ಈ ವರ್ಷದ ಕೊನೆಗೆ ಇವಳ ನಿವೃತ್ತಿ. ಉಳಿದಿದ್ದ ಹೆಸರುಗಳು ನಾಲ್ಕೇ. ವರ್ಷದ ಮೊದಲ ಸೆಮಿನಾರಿನಲ್ಲಿ ಬೀಗರು ಎದ್ದು ನಿಂತು, ಆ ನಾಲ್ಕೂ ಒಂದೇ ಎಂದು ತಮ್ಮ ಪ್ರಯೋಗದಲ್ಲಿ ಕಂಡಿದೆ, ಲೇಖನ ಕಳಿಸಿಯಾಗಿದೆ, ಸದ್ಯದಲ್ಲೇ ಅಚ್ಚಾಗುತ್ತದೆ ಎಂದು ವಿನಯದಿಂದ ಹೇಳಿ ಕೂತರು. ಆ ಸಂಜೆ ಪಾತ್ರೆಗಳ ಸದ್ದೇ ಇರಲಿಲ್ಲ. ಅದೇ ನನಗೆ ದಿಗಿಲು.

"ಅಷ್ಟು ವರ್ಷ ದುಡಿದು ಒಂದು ಹೆಸರೂ ಉಳಿಯದೆ ಮನೆಗೆ ಬರೋದು ಹೇಗ್ರೀ?" ಎಂದಳು.

ಅವಳಲ್ಲಿ ಇನ್ನೂ ಹೆಸರಿಡದ ಒಂದು ಇತ್ತು. ಸುಮಾರು ಒಂದು ವರ್ಷದಿಂದ ಅವಳ ಗಾಜಿನ ತಟ್ಟೆಗಳಲ್ಲಿ ಜೇನಿನ ಹನಿಯಂಥ, ಅಂಟಂಟಾದ ಹಳದಿ ಬೊಟ್ಟೊಂದು ಮೂಡುತ್ತಿತ್ತು. ಮಹಾ ಸೋಮಾರಿ. ಬೇರೆಯವು ಒಂದೆರಡು ದಿನಕ್ಕೆ ಎದ್ದರೆ ಇದು ಕಣ್ಣು ಬಿಡುವುದು ಹನ್ನೆರಡನೇ ದಿನಕ್ಕೆ. ಎಂಥ ನೆಂಟರ ಪಕ್ಕದಲ್ಲಿ ಕೂರಿಸಿದರೂ ಹೊಂದಲಿಲ್ಲ. ನದಿಯ ಕೆಸರಿನಲ್ಲಿ ಸಿಕ್ಕಿತು, ತಾರಸಿಯ ತೊಟ್ಟಿಯಲ್ಲಿ ಸಿಕ್ಕಿತು, ಇರುವೆ ಗೂಡಿನಲ್ಲಿ, ಗೋಡೆಯ ಪಾಚಿಯಲ್ಲಿ, ಕೊನೆಗೆ ನನ್ನ ಚಪ್ಪಲಿಯ ಅಡಿಯಲ್ಲೂ ಸಿಕ್ಕಿತು. ಆ ದಿನ ಅವಳು ನನ್ನನ್ನು ನೋಡಿದಷ್ಟು ಪ್ರೀತಿಯಿಂದ ಮದುವೆಯ ದಿನವೂ ನೋಡಿರಲಿಲ್ಲ.

ಭೂಮಿಯ ಮೇಲೆ ಎಲ್ಲೆಲ್ಲೂ ಇದ್ದು ಯಾರ ಕಣ್ಣಿಗೂ ಬೀಳದ ಜೀವ ಎಂದು, ಲೋಕವ್ಯಾಪಿ ಎಂಬ ಅರ್ಥ ಬರುವ ಲ್ಯಾಟಿನ್ ಹೆಸರನ್ನು ಅದಕ್ಕೆ ಗೊತ್ತುಮಾಡಿದಳು. ಲೇಖನ ಬರೆದಳು. ನಾನು ಅಲ್ಪವಿರಾಮ ಹಾಕಿದೆ.

ಆ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಹೊಸ ಹೆಸರು ಕೊಡುವ ಲೇಖನ ಯಾರದೇ ಆಗಲಿ, ಹೊರಗೆ ಹೋಗುವ ಮೊದಲು ಎದುರಿನ ಪ್ರಯೋಗಾಲಯದವರು ಓದಿ ಕೆಂಪು ಗೆರೆ ಎಳೆಯಬೇಕು. ಬೀಗರ ಕೆಂಪು ಗೆರೆಗಳಿಂದ ಇವಳ ಕರಡು ಯಾವಾಗಲೂ ಗಾಯಗೊಂಡು ಬರುತ್ತಿತ್ತು. ಈ ಸಲ ಬಹಳ ದಿನ ಇಟ್ಟುಕೊಂಡು ವಾಪಸು ಕೊಟ್ಟರು. ಒಂದು ಗೆರೆಯೂ ಇರಲಿಲ್ಲ.

"ಒಪ್ಪಿಕೊಂಡಿರಬೇಕು," ಎಂದೆ.

"ಅವರಾ? ಅವರು ಕನ್ನಡಿಯಲ್ಲಿ ತಮ್ಮ ಮುಖ ಕಂಡ್ರೂ ಒಂದು ಗೆರೆ ಎಳೀತಾರೆ. ನನಗೆ ಭಯ ಆಗ್ತಿದೆ ರೀ."

ಕಳಿಸುವ ಮೊದಲು ಇನ್ನೊಂದು ಸಲ ಎಲ್ಲ ಕಡೆಯಿಂದಲೂ ಮಾದರಿ ತಂದು ಬೆಳೆಸಿ ನೋಡಿದಳು. ಹನ್ನೆರಡನೇ ದಿನ ಬಂತು, ಹೋಯಿತು. ನದಿಯ ಕೆಸರಿನಲ್ಲಿ ಇಲ್ಲ. ತೊಟ್ಟಿಯಲ್ಲಿ ಇಲ್ಲ. ಇರುವೆಗಳ ಹತ್ತಿರ ಇಲ್ಲ. ಮನೆಗೆ ಬಂದವಳೇ ನನ್ನನ್ನು ನಿಲ್ಲಿಸಿದಳು.

"ಚಪ್ಪಲಿ ತೊಳೆದ್ರಾ?"

"ಇಲ್ಲ."

"ನಿಜ ಹೇಳಿ."

"ನಾನು ಯಾವತ್ತು ತೊಳೆದಿದೀನಿ?"

ಇದು ಒಪ್ಪುವ ಮಾತೇ ಆಗಿತ್ತು. ಅವಳು ಊಟದ ತಟ್ಟೆಯ ಮುಂದೆ ಕೈ ಹಾಕದೆ ಕೂತಳು. ಎಲ್ಲೆಲ್ಲೂ ಇದ್ದ ಜೀವ ಎಲ್ಲ ಕಡೆಯಿಂದಲೂ ಒಂದೇ ಸಲ ಗಂಟುಮೂಟೆ ಕಟ್ಟಿಕೊಂಡು ಹೋಗುವುದೆಂದರೇನು? ನನ್ನ ಊಟ ಅರ್ಧವಾಗುವಷ್ಟರಲ್ಲಿ ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಲೋಕ ಬದಲಾಗಿಲ್ಲ ರೀ. ನನ್ನ ಕೋಣೆ ಬದಲಾಗಿದೆ."

ಎರಡೂ ಪ್ರಯೋಗಾಲಯಗಳ ನಡುವಿನ ಓಣಿಯಲ್ಲಿ ಒಂದು ದೊಡ್ಡ ಗಾಜಿನ ಜಾಡಿ ಇದೆ. ಕುದಿಸಿ ಸೋಸಿದ ಶುದ್ಧ ನೀರು ಅದರಲ್ಲಿರುತ್ತದೆ. ಕೆಳಗಡೆ ಒಂದು ರಬ್ಬರ್ ಟ್ಯೂಬು. ಎರಡೂ ಕಡೆಯವರು ಕೆಸರು ಕಲಸುವುದಕ್ಕೆ, ಕಡ್ಡಿ ತೊಳೆಯುವುದಕ್ಕೆ ಅದನ್ನೇ ಹಿಡಿದುಕೊಳ್ಳುತ್ತಾರೆ. ಜಾಡಿಯನ್ನು ತಿಂಗಳಿಗೊಮ್ಮೆ ಬಿಸಿ ಹಬೆಯಲ್ಲಿ ಶುದ್ಧ ಮಾಡುತ್ತಾರೆ, ಟ್ಯೂಬನ್ನು ಯಾರೂ ಕೇಳುತ್ತಿರಲಿಲ್ಲ. ಮಾರನೇ ದಿನ ಅವಳು ಹೋಗಿ ನೋಡಿದರೆ, ವರ್ಷಾನುಗಟ್ಟಲೆ ಹಳದಿಯಾಗಿ ನೇತಾಡುತ್ತಿದ್ದ ಟ್ಯೂಬಿನ ಜಾಗದಲ್ಲಿ ಬೆಳ್ಳಗಿನ ಹೊಸದು.

"ಇದನ್ನ ಯಾರಪ್ಪ ಬದಲಾಯಿಸಿದ್ದು?" ಎಂದು ಅಟೆಂಡರನ್ನು ಕೇಳಿದಳು.

"ಎದುರುಗಡೆ ಸಾರೇ ಬದಲಾಯಿಸಿದ್ರು ಮೇಡಂ. ನಾನ್ ಮಾಡ್ತೀನಿ ಅಂದ್ರೂ ಕೇಳ್ಲಿಲ್ಲ. ಹಳೇದನ್ನ ಬ್ಯಾಗಲ್ಲಿ ಹಾಕ್ಕೊಂಡ್ ಹೋದ್ರು."

ಆ ಸಂಜೆ ಅವಳು ನನಗೆ ಬಿಡಿಸಿ ಹೇಳಿದಳು. ಪ್ರತಿ ಪ್ರಯೋಗದ ಜೊತೆಗೆ, ಮಾದರಿ ಹಾಕದೆ ಬರೀ ಆ ನೀರನ್ನೇ ಹಾಕಿದ ಒಂದು ಖಾಲಿ ತಟ್ಟೆಯನ್ನೂ ಇಡುತ್ತಾರೆ. ಅದರಲ್ಲಿ ಏನೂ ಬೆಳೆಯಬಾರದು. ಬೆಳೆದರೆ ನೀರಿನಲ್ಲೇ ಕಳ್ಳ ಇದ್ದಾನೆ ಎಂದರ್ಥ.

"ಇಟ್ಟಿದ್ದೆ ರೀ, ಒಂದು ಸಲಾನೂ ತಪ್ಪಿಸಿಲ್ಲ. ಆದ್ರೆ ಖಾಲಿ ತಟ್ಟೆನ ಮೂರನೇ ದಿನಕ್ಕೆ ಎಸೀತೀವಿ. ಬೆಚ್ಚಗಿನ ಕಪಾಟಲ್ಲಿ ಜಾಗ ಬೇಕಲ್ಲ. ಈ ಸೋಮಾರಿ ಏಳೋದು ಹನ್ನೆರಡನೇ ದಿನ."

"ಹಾಗಾದ್ರೆ ನದಿ, ಇರುವೆ, ನನ್ನ ಚಪ್ಪಲಿ..."

"ಎಲ್ಲಾ ಆ ಟ್ಯೂಬೇ."

ನನ್ನ ಚಪ್ಪಲಿಯ ಬಗ್ಗೆ ನನಗೆ ಸ್ವಲ್ಪ ಬೇಜಾರಾಯಿತು. "ಅಂದ್ರೆ ಅದು ಹೊಸದಲ್ವಾ?"

"ಹೊಸದೇ. ಯಾರ ಮನೇದೂ ಅಲ್ಲ. ವಿಳಾಸ ಮಾತ್ರ ಸುಳ್ಳು. ನಿಜವಾದ ವಿಳಾಸ ತೋರಿಸದೆ ಹೆಸರು ಕೊಡೋ ಹಾಗಿಲ್ಲ. ಅದನ್ನ ತೋರಿಸ್ಬೇಕಾದ್ರೆ ಆ ಟ್ಯೂಬೇ ಬೇಕು. ಅವರು ಅದನ್ನ ಇಷ್ಟೊತ್ತಿಗೆ ಸುಟ್ಟು ಬೂದಿ ಮಾಡಿರ್ತಾರೆ."

ಅಷ್ಟರಲ್ಲಿ ಮಗಳ ಫೋನು ಬಂತು. ಗಂಡ ಕೆಲಸದಿಂದ ಬರುವ ತನಕ ಅವಳು ಅಮ್ಮನ ಹತ್ತಿರ ಗಂಡನ ಮನೆಯ ಚಾಡಿ ಹೇಳುವುದು ವಾಡಿಕೆ.

"ಅಮ್ಮಾ, ನಮ್ಮ ಮಾವನಿಗೆ ಏನೋ ಆಗಿದೆ. ಜನ್ಮದಲ್ಲಿ ಗಿಡ ನೋಡದೇ ಇದ್ದವರು ಬಾಲ್ಕನೀಲಿ ಬೆಳಿಗ್ಗೆ ಸಂಜೆ ನೀರು ಹಾಕ್ತಾರೆ. ಗಿಡ ಎಲ್ಲಾ ಕೊಳೆತು ಹೋಗ್ತಿವೆ. ಬೇಡಿ ಮಾವ ಅಂದ್ರೆ, ನಿಂಗೆ ಗೊತ್ತಾಗಲ್ಲ ಸುಮ್ನಿರಮ್ಮ ಅಂತಾರೆ. ಎಲ್ಲಿಂದಲೋ ಒಂದು ಗಬ್ಬು ಹಳದಿ ಟ್ಯೂಬ್ ತಂದಿದಾರೆ, ನನ್ನ ಕೈಲಿ ಮುಟ್ಟೋಕೂ ಬಿಡಲ್ಲ."

ನನ್ನ ಹೆಂಡತಿ ಫೋನು ಇಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ರೀ, ಬೀಗರ ಮನೆಗೆ ಹೋಗಿ ಎಷ್ಟು ದಿನ ಆಯ್ತು? ಸಂಬಂಧ ಅಂದ್ಮೇಲೆ ಹೋಗಿ ಬಂದು ಮಾಡ್ತಿರಬೇಕು."

ಭಾನುವಾರ ಬೆಳಿಗ್ಗೆ ಹೊರಟೆವು. ಅವಳ ಕೈಚೀಲದಲ್ಲಿ ಮಗಳಿಗೆಂದು ಬಿಸ್ಕತ್ತಿನ ಪೊಟ್ಟಣ, ಅದರ ಕೆಳಗೆ ಚಿಮಟ, ಕತ್ತರಿ, ಮುಚ್ಚಳ ಬಿಗಿದ ಸೀಸೆಗಳು. ಕಳ್ಳತನಕ್ಕೆ ಹೋಗುವವರ ಹಾಗೆ ನನಗೆ ದಾರಿಯುದ್ದಕ್ಕೂ ಬೆವರು. ಹೆಂಡತಿ ಇಲ್ಲದ ಬೀಗರು ತಾವೇ ಬಾಗಿಲು ತೆರೆದರು.

"ಬನ್ನಿ ಬನ್ನಿ ಬೀಗಿತಿಯವರೇ. ಏನು ಹೇಳ್ದೆ ಕೇಳ್ದೆ?"

"ನಿಮ್ಮ ಗಿಡ ನೋಡ್ಕೊಂಡ್ ಹೋಗೋಣ ಅಂತ."

"ನಿಮಗೆ ಯಾವಾಗಿಂದ ಗಿಡದ ಮೇಲೆ ಪ್ರೀತಿ?"

"ನಿಮಗೆ ಬಂದಾಗಿಂದ."

ಬೀಗರು ಚಹಾ ಆಗಲಿ ಎಂದರು, ಕೂತ್ಕೊಳ್ಳಿ ಎಂದರು, ಬಾಲ್ಕನಿಯಲ್ಲಿ ಜಾರುತ್ತದೆ ಎಂದರು. ಅವಳು ಆಗಲೇ ಅಲ್ಲಿದ್ದಳು. ಕುಂಡಗಳಲ್ಲಿ ನೀರು ನಿಂತಿತ್ತು, ಎಲೆಗಳು ಹಳದಿಯಾಗಿ ತಲೆ ತಗ್ಗಿಸಿದ್ದವು. ಮೂಲೆಯಲ್ಲಿ ನೆರಳು ನೋಡಿ, ಒದ್ದೆ ಬಟ್ಟೆ ಹೊದಿಸಿ, ಟ್ಯೂಬನ್ನು ಸುತ್ತಿ ಮಲಗಿಸಿದ್ದರು.

"ಟ್ಯೂಬ್ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

"ಇಲ್ಲೇ ಅಂಗಡೀಲಿ."

"ಯಾವ ಅಂಗಡಿ ಬೀಗರೇ, ನಮ್ಮ ಜಾಡಿಯ ಕ್ಲಿಪ್ಪು ಸಮೇತ ಕೊಡೋದು?"

ಚಹಾ ತಂದ ಮಗಳು ಬಾಗಿಲಲ್ಲೇ ನಿಂತಳು. "ಮಾವ, ಸಿಕ್ಕಾಕ್ಕೊಂಡ್ರಿ," ಎಂದಳು. ಏನಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ, ಆದರೂ ಸಂತೋಷವಾಗಿತ್ತು.

ಬೀಗರು ಕುಂಡದ ಅಂಚಿನ ಮೇಲೆ ಕೂತರು. ಅಂಚು ಒದ್ದೆಯಾಗಿತ್ತು. ಅದನ್ನೂ ಗಮನಿಸಲಿಲ್ಲ.

"ನಿಮ್ಮ ಕರಡು ಓದ್ತಿದ್ದೆ," ಎಂದರು. "ಯಾವ ಸಕ್ಕರೆ ತಿನ್ನುತ್ತೆ, ಎಷ್ಟು ಉಪ್ಪು ತಡೆಯುತ್ತೆ ಅಂತ ಬರೆದಿದ್ರಲ್ಲ, ಅದನ್ನ ಎಲ್ಲೋ ನೋಡಿದೀನಲ್ಲ ಅನ್ನಿಸ್ತು. ನನ್ನ ಲೇಖನದಲ್ಲೇ ನೋಡಿದ್ದೆ. ನಿಮ್ಮ ನಾಲ್ಕನ್ನೂ ಸೇರಿಸಿ ಒಂದು ಅಂದಿದ್ನಲ್ಲ, ಆ ಒಂದು ಇದೇ."

ಇವಳು ಅವರ ಮುಂದೆ ಬಂದು ನಿಂತಳು. "ನನ್ನ ನಾಲ್ಕನ್ನ ಎಲ್ಲಿಂದ ತಗೊಂಡ್ರಿ?"

"ವಿಭಾಗದ ಉಗ್ರಾಣದಿಂದ. ಒಣಗಿಸಿ ಗಾಜಿನ ಕೊಳವೇಲಿ ಇಟ್ಟಿದ್ದವು. ಜಾಡಿ ನೀರು ಹಾಕಿ ಎಬ್ಬಿಸ್ದೆ. ಬಹಳ ದಿನ ಏಳ್ಲಿಲ್ಲ. ಆಮೇಲೆ ಎದ್ವು."

"ಆ ಒಣಗಿದವು ಸತ್ತು ಯಾವ ಕಾಲ ಆಯ್ತೋ. ಸತ್ತವರ ಬಾಯಿಗೆ ನೀರು ಬಿಟ್ರಿ, ನೀರಲ್ಲಿದ್ದವನು ಎದ್ದು ಕೂತ. ಅವನನ್ನೇ ಅವನ ಪಕ್ಕ ನಾಲ್ಕು ಸಲ ಕೂರಿಸಿ, ಒಂದೇ ಥರ ಇದಾರೆ ಅಂದ್ರಿ." ಅವಳು ಉಸಿರು ತೆಗೆದುಕೊಂಡಳು. "ನಾಲ್ಕೂ ನನ್ನ ಕೋಣೇಲಿ ಜೀವಂತ ಇವೆ. ಕೇಳಿದ್ರೆ ಕೊಡ್ತಿದ್ದೆ."

"ಹೇಗೆ ಕೇಳ್ಲಿ? ಬೀಗಿತಿ ಆಗ್ಬಿಟ್ರಲ್ಲ. ನಿಮ್ಮದನ್ನ ಅಳಿಸೋಕೆ ನಿಮ್ಮ ಹತ್ರಾನೇ ಸಾಲ ಕೇಳೋದಾ?"

ಮಗಳು ನಕ್ಕಳು. ನಾನು ಚಹಾದ ಕಡೆ ನೋಡಿದೆ.

"ಟ್ಯೂಬ್ ಹೋದ್ರೆ ನಿಮ್ಮದು ಮಾಯ ಆಗುತ್ತೆ, ನೀವು ಸುಮ್ನಾಗ್ತೀರಿ, ನನ್ನದು ಅಚ್ಚಾಗುತ್ತೆ ಅಂದ್ಕೊಂಡೆ," ಎಂದರು ಬೀಗರು.

"ಹಾಗಿದ್ರೆ ಸುಟ್ಟು ಹಾಕ್ಬೇಕಿತ್ತು."

ಅವರು ಒದ್ದೆ ಬಟ್ಟೆಯನ್ನು ಸ್ವಲ್ಪ ಸರಿಮಾಡಿದರು. "ಹೇಗ್ರೀ ಸುಡೋದು? ಹೊಸದು ಅದು. ಒಣಗಿದ್ರೆ ಸತ್ತು ಹೋಗುತ್ತೆ ಅಂತ ಎರಡು ಹೊತ್ತೂ ನೀರು ಬಿಡ್ತಿದೀನಿ. ಗಿಡ ಸುಮ್ನೆ ನೆಪ."

ಕೆಳಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಇನ್ನೊಂದ್ ಸಲ ಹೇಳಿ," ಎಂದಳು ನನ್ನ ಹೆಂಡತಿ.

"ಏನನ್ನ?"

"ಅದು ಏನು ಅಂದ್ರಲ್ಲ, ಅದನ್ನ."

"ಹೊಸದು," ಎಂದರು ಬೀಗರು, ಕಹಿ ಮಾತ್ರೆ ನುಂಗಿದವರ ಹಾಗೆ.

"ಕೇಳಿಸ್ಕೊಂಡ್ಯೇನೇ?" ಎಂದು ಇವಳು ಮಗಳನ್ನು ಕೇಳಿದಳು. "ನಾಳೆ ಇಲ್ಲ ಅಂದ್ರೆ ನೀನೇ ಸಾಕ್ಷಿ. ಈ ಮನೇಲೇ ಇರ್ತೀಯಲ್ಲ."

ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಟ್ಯೂಬನ್ನು ತುಂಡು ತುಂಡಾಗಿ ಕತ್ತರಿಸಿ ಸೀಸೆಗಳಿಗೆ ತುಂಬಿದರು. ಎಲ್ಲಿ ಕತ್ತರಿಸಬೇಕೆಂಬ ಬಗ್ಗೆ ಜಗಳವಾಡಿದರು. ಬಿಸ್ಕತ್ತನ್ನು ನಾನೂ ಮಗಳೂ ತಿಂದೆವು.

ಬೀಗರು ತಮ್ಮ ಲೇಖನ ಹಿಂದಕ್ಕೆ ತೆಗೆದುಕೊಂಡರು. ಇವಳ ನಾಲ್ಕೂ ಹೆಸರುಗಳು ಎಲ್ಲಿದ್ದವೋ ಅಲ್ಲೇ ಉಳಿದವು. ಟ್ಯೂಬಿನ ತುಂಡುಗಳಲ್ಲಿ ಹನ್ನೆರಡನೇ ದಿನಕ್ಕೆ ಹಳದಿ ಹನಿ ಮೂಡಿತು. ಲೋಕವ್ಯಾಪಿ ಎಂಬ ಹೆಸರು ಮಾತ್ರ ಹೋಗಿ, ನಳಿಕೆಯಲ್ಲಿ ವಾಸಿಸುವುದು ಎಂಬರ್ಥದ ಹೆಸರು ಬಂತು. ಅರಮನೆಯಿಂದ ಬಾಡಿಗೆ ಕೋಣೆಗೆ ಇಳಿದ ಹಾಗಾಯಿತು ಎಂದು ನನಗನ್ನಿಸಿತು. ಅವಳಿಗೆ ಹಾಗನ್ನಿಸಲಿಲ್ಲ. "ಸ್ವಂತ ವಿಳಾಸ ರೀ," ಎಂದಳು.

ಮಾದರಿಯನ್ನು ಎಲ್ಲಿಂದ ತೆಗೆದಿದ್ದೆಂದು ಚಾಚೂ ತಪ್ಪದೆ ಬರೆಯಬೇಕೆನ್ನುವುದು ಅವರ ಶಾಸ್ತ್ರದ ನಿಯಮ. ನಿಯಮ ಪಾಲಿಸುವುದರಲ್ಲಿ ಅವಳಿಗೆ ಅಷ್ಟೊಂದು ಉತ್ಸಾಹವನ್ನು ನಾನು ಹಿಂದೆ ಕಂಡಿರಲಿಲ್ಲ. "ಶುದ್ಧ ನೀರಿನ ಜಾಡಿಯ ಹಳೆಯ ರಬ್ಬರ್ ಟ್ಯೂಬಿನ ಒಳಮೈಯಿಂದ, ಮಾದರಿ ತೆಗೆಯುವಾಗ ಸದರಿ ಟ್ಯೂಬು ಎದುರಿನ ಪ್ರಯೋಗಾಲಯದ ಪ್ರಾಧ್ಯಾಪಕರ ಮನೆಯ ಬಾಲ್ಕನಿಯಲ್ಲಿತ್ತು" ಎಂದು ಬರೆದಳು.

"ಇಷ್ಟು ಬೇಕಾ?" ಎಂದೆ.

"ಸುಳ್ಳು ಇದ್ರೆ ತೋರಿಸಿ."

ಪದ್ಧತಿಯಂತೆ ಕರಡು ಎದುರಿನ ಬಾಗಿಲಿಗೆ ಹೋಯಿತು. ಆ ಸಾಲಿನ ಮೇಲೆ ಕೆಂಪು ಗೆರೆ ಬಿದ್ದೇ ಬೀಳುತ್ತದೆ ಎಂದು ನಾನು ಹೆದರಿದ್ದೆ. ಕರಡು ಬೇಗನೆ ವಾಪಸು ಬಂತು. ಬೀಗರು ಒಂದು ಅಕ್ಷರವನ್ನೂ ಹೊಡೆದು ಹಾಕಿರಲಿಲ್ಲ. ಬಾಲ್ಕನಿಯಲ್ಲಿತ್ತು ಎಂಬುದರ ಮುಂದೆ ಕೆಂಪು ಶಾಯಿಯಲ್ಲಿ, ಚಿಕ್ಕದಾಗಿ, ಇಷ್ಟು ಸೇರಿಸಿದ್ದರು: "ಅಲ್ಲಿ ಅದನ್ನು ದಿನವೂ ಎರಡು ಹೊತ್ತು ನೀರು ಬಿಟ್ಟು ಜೋಪಾನ ಮಾಡಲಾಗುತ್ತಿತ್ತು."

ಅವಳು ಅದನ್ನು ಎರಡು ಸಲ ಓದಿದಳು. ಪಾತ್ರೆಗಳ ಕಡೆ ಹೋಗಲಿಲ್ಲ. ಕರಡನ್ನು ನನ್ನ ಮುಂದೆ ಇಟ್ಟು, "ಇದನ್ನ ಹಾಗೇ ಬಿಡೋಣ ಅಲ್ವಾ?" ಎಂದಳು.

ನಾನು ತುಂಬ ಹೊತ್ತು ಯೋಚಿಸಿದೆ. "ಬಾಲ್ಕನಿಯಲ್ಲಿತ್ತು" ಆದಮೇಲೆ ಒಂದು ಅಲ್ಪವಿರಾಮ ಬೇಕಾಗಿತ್ತು. ಹಾಕಿದೆ.