ಮೂರನೆಯ ಸಾಲಿನ ಬಿಡುವು

ಅನೀಲಕುಮಾರ ಕೀಬೋರ್ಡಿನ ವೈರನ್ನು ಕಿಟಕಿಯಿಂದ ಅಂಗಳಕ್ಕೆ ಎಳೆಯುತ್ತಿದ್ದಾಗ ಅವ್ವ ಕಮಳಾಬಾಯಿ ಶವಪೆಟ್ಟಿಗೆಯ ಪಕ್ಕದಿಂದಲೇ ಕೇಳಿದಳು.

"ಯಾವ ಹಾಡಿಗಿ ತಯಾರಿ ಮಾಡಾಕತ್ತಿ?"

"ಹೊಸಾದು, ಅವ್ವ. ನಮ್ಮ ಚರ್ಚಿನ ಹುಡುಗ್ರಿಗೆಲ್ಲಾ ಬರ್ತದ. ಅಪ್ಪಗ ನಾನೇ ಬಾರಿಸಿ ಕಳಸ್ತೀನಿ."

"ನೀವು ಮನ್ಯಾಗ ಹಾಡಿ ಹಾಡಿ ನನಗೂ ಬಾಯಿಪಾಠ ಆಗ್ಯಾದ. ಆದ್ರ ಅದ್ರಾಗ ನನಗ ನಿಂದ್ರಾಕ ಜಾಗಾ ಇಲ್ಲ. ಮಣ್ಣು ಕೊಡೂ ಮುಂದ ನಾನೂ ಹಾಡಬೇಕಲ್ಲ?"

ಅವನಿಗೆ ಅರ್ಥವಾಗಲಿಲ್ಲ. ಹಾಡಿನಲ್ಲಿ ನಿಲ್ಲುವ ಜಾಗ ಯಾರು ಹುಡುಕುತ್ತಾರೆ?

ಹುಮನಾಬಾದಿಗೆ ಮೂವತ್ತೈದು ವರ್ಷ ನಳದ ನೀರು ಬಿಟ್ಟ ಅಪ್ಪ ದೇವಿಂದ್ರಪ್ಪ ಬೆಳಗಿನ ಮಂಜಿನಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ಓಣಿಯ ಕೊನೆಯ ಕೊಡ ತುಂಬುವವರೆಗೆ ವಾಲ್ವ್ ತಿರುಗಿಸದ ಮನುಷ್ಯ. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದೂ ಉಂಟು. ಭಾನುವಾರ ಚರ್ಚಿನಲ್ಲಿ ಹಾಡು ಹೇಳಿಕೊಡುವವನೂ ಅವನೇ. ಅವನು ಒಂದೊಂದೇ ಸಾಲು ಎತ್ತಿದರೆ ಓದು ಬಾರದವರೂ ಹಿಂದಿನಿಂದ ಹಾಡುತ್ತಿದ್ದರು.

ಬಸವಕಲ್ಯಾಣದ ನೆಂಟರು ಟೆಂಪೋ ಇಳಿದರು. ಕಮಳಾಬಾಯಿಯ ತಮ್ಮ ವೈಜಿನಾಥ ಕೀಬೋರ್ಡ್ ಕಂಡು ಮುಖ ಗಂಟಿಕ್ಕಿದ.

"ಭಾವಗ ಈ ಧಡಧಡ ಯಾಕ? ನಮ್ಮ ಹೊಳಿ ದಾಟೂ ಹಾಡು ಹಾಡೋಣು," ಎಂದು ತಾನೇ ಆ ಹಳೆಯ ಗೀತೆ ಎತ್ತಿದ.

ಮೂರನೆಯ ಸಾಲಿನವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿ ಹುಮನಾಬಾದಿನವರು ತಟ್ಟನೆ ನಿಂತರು, ಕಲ್ಯಾಣದವರು ಮುಂದೆ ಹೋದರು. ಸಾವಿನ ಮನೆಯಲ್ಲಿ ಎರಡೂರಿನ ದನಿಗಳು ಒಂದರ ಕಾಲು ಒಂದು ತುಳಿದವು.

"ನಡುವ ಯಾಕ ನಿಂದ್ರತೀರಿ? ಬುಕ್ಕಿನಾಗ ಎಲ್ಲದ ಅದು?" ವೈಜಿನಾಥ ಕೇಳಿದ.

"ಹಾಡೇ ಹಂಗ ಅದರಿ," ನೆರೆಮನೆಯ ಗಂಗುಬಾಯಿ ಬಿಟ್ಟುಕೊಡಲಿಲ್ಲ. "ನೀವೇ ತಪ್ಪು ಕಲ್ತೀರಿ."

ಪಾಸ್ಟರು ಕೈ ಎತ್ತಿದರು. "ಸಾಕ್ರಿ. ಇಲ್ಲೂ ಜಗಳ ಬ್ಯಾಡ. ಗೋರಿ ಹತ್ರ ಹೊಸಾದೇ ಹಾಡ್ರಿ."

ಅನೀಲಕುಮಾರ ಅವ್ವನನ್ನು ನೋಡಿದ. ಬಾಯಿ ಇನ್ನೂ ತೆರೆದಿತ್ತು, ಕೈ ಎದೆಯ ಮೇಲಿತ್ತು. ನಾಲ್ಕನೆಯ ಸಾಲು ಅವಳನ್ನು ಬಿಟ್ಟು ಹೋಗಿತ್ತು.

*

ಬೇಳೆ ಮಿಲ್ಲಿನ ಧೂಳಿಗೆ ಕಮಳಾಬಾಯಿಗೆ ದಮ್ಮು ಹತ್ತಿದ ವರ್ಷ, ಅನೀಲ ಇನ್ನೂ ಹುಟ್ಟಿರಲಿಲ್ಲ. ಚರ್ಚಿನಲ್ಲಿ ಹಾಡಿನ ನಡುವೆಯೇ ಉಸಿರು ಸಾಲದೆ ಅವಳು ಕೂತುಬಿಟ್ಟಳು.

"ಇನ್ನ ನಾ ಹಾಡಂಗಿಲ್ಲ," ಎಂದಳು ಮನೆಯ ದಾರಿಯಲ್ಲಿ.

ಮುಂದಿನ ಭಾನುವಾರ ದೇವಿಂದ್ರಪ್ಪ ಮೂರನೆಯ ಸಾಲು ಮುಗಿಸಿ ಸುಮ್ಮನೆ ನಿಂತ. ಮರೆತಿರಬೇಕೆಂದು ಜನ ಕಾದರು. ಹೆಂಗಸರ ಕಡೆ ಯಾರೋ ದೀರ್ಘವಾಗಿ ಉಸಿರೆಳೆದದ್ದು ಕೇಳಿಸಿತು. ಆಮೇಲೆ ನಾಲ್ಕನೆಯದು ಎತ್ತಿದ. ಮರುವಾರವೂ ಹಾಗೇ, ಅದರ ಮರುವಾರವೂ ಹಾಗೇ. ಬರಬರುತ್ತ ಎಲ್ಲರಿಗೂ ಹಾಡು ಅಲ್ಲಿ ನಿಲ್ಲುವುದೇ ರೂಢಿಯಾಗಿ, ಮಕ್ಕಳಿಗೂ ಹಾಗೇ ಕಲಿಸಿದರು. ಗಂಡಹೆಂಡತಿ ಆ ಬಗ್ಗೆ ಒಮ್ಮೆಯೂ ಮಾತಾಡಲಿಲ್ಲ. ಆದರೆ ಪ್ರತಿ ಭಾನುವಾರ ಆ ಒಂದು ಗಳಿಗೆಯಲ್ಲಿ ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕುತ್ತಿತ್ತು.

*

ಸ್ಮಶಾನದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಆಚೆಯ ತೊಗರಿ ಹೊಲ ಇದೆಯೋ ಇಲ್ಲವೋ ಎಂಬಂತಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಅನೀಲಕುಮಾರ ಬ್ಯಾಟರಿಯ ಮೇಲೆ ಕೀಬೋರ್ಡ್ ಹಚ್ಚಿ, ತಾನಾಗಿ ಬಡಿಯುವ ತಾಳವನ್ನು ನಿಲ್ಲಿಸಿದ.

"ಬೀಟ್ ಯಾಕ ಬಂದ್ ಮಾಡಿದ್ರಿ?" ಅವನ ಹೆಂಡತಿ ವರ್ಷಾ ಪಿಸುಗುಟ್ಟಿದಳು.

"ಇವತ್ತ ನನ್ನ ಕೈ ನೋಡಿ ಹಾಡ್ರಿ."

ಹೊಸ ಹಾಡು ಮೆಲ್ಲಗೆ ಹೊರಟಿತು. ಒಂದು ಸಾಲು, ಎರಡು ಸಾಲು. ಮೂರನೆಯದು ಮುಗಿದದ್ದೇ ಅವನು ಕೈ ಎತ್ತಿದ. ಹುಡುಗರ ದನಿ ಒಂದು ಹೆಜ್ಜೆ ಮುಂದೆ ಹೋಗಿ ನಿಂತಿತು. ಗಂಗುಬಾಯಿಯಂಥ ಹಿರಿಯರು ಆಗಲೇ ನಿಂತಿದ್ದರು.

ಕಮಳಾಬಾಯಿ ಮುಷ್ಟಿಯಲ್ಲಿ ಮಣ್ಣು ಹಿಡಿದು ಉಸಿರೆಳೆದುಕೊಳ್ಳುತ್ತಿದ್ದಳು. ಎಲ್ಲರಿಗೂ ಕೇಳಿಸಿತು. ಅವಳು ನಾಲ್ಕನೆಯ ಸಾಲು ಎತ್ತುವವರೆಗೆ ಮಗನ ಹತ್ತೂ ಬೆರಳು ಕೀಬೋರ್ಡಿನ ಮೇಲೆ, ಗಾಳಿಯಲ್ಲೇ, ಕಾದವು.