ಏಳನೆಯ ಸಂತರ ಮುಖ

ಸನ್ಯಾಸಿಗಳು ಬಿಟ್ಟುಹೋದ ಮಠ ಈಗ ಮ್ಯೂಸಿಯಂ. ಅವರ ಊಟದ ಮನೆಯ ಗೋಡೆಯ ಮೇಲೆ ಹನ್ನೆರಡು ಮಂದಿ ಸಂತರು ಸಾಲಾಗಿ ಕೂತಿದ್ದಾರೆ. ಏಳನೆಯವರಿಗೆ ಮುಖವಿಲ್ಲ, ಎಂದೋ ಚಾವಣಿ ಸೋರಿ ಅಳಿದುಹೋಗಿದೆ. ನನ್ನ ಗಂಡ ಅಲ್ಲಿಗೆ ಗಾರೆ ಮೆತ್ತಿ, ಗೋಡೆಯದೇ ಬಣ್ಣ ಕೊಟ್ಟು ಬಿಟ್ಟಿದ್ದ. ಗೊತ್ತಿಲ್ಲದ್ದನ್ನು ಬರೆಯಬಾರದು ಎನ್ನುವುದು ಹಳೆಯ ಚಿತ್ರಗಳನ್ನು ಸರಿಪಡಿಸುವ ನಮ್ಮ ಕೆಲಸದ ನಿಯಮ. ಅವನು ಮುಗಿಸಿದ ಕೊನೆಯ ಗೋಡೆ ಅದು. ಅವನು ತೀರಿಹೋಗಿ ಎಂಟು ತಿಂಗಳು. ಅವನ ಮೇಜು, ಅವನ ಕೆಲಸ ಈಗ ನನ್ನದು.

ಉದ್ಘಾಟನೆಗೆ ಎರಡು ದಿನವಿರುವಾಗ ಮ್ಯೂಸಿಯಂ ನಿರ್ದೇಶಕರು ಬಂದು ನಿಂತರು.

"ಅಲ್ಲಮ್ಮ, ಬಂದೋರೆಲ್ಲ ಮೊದಲು ನೋಡೋದೇ ಆ ಖಾಲಿ ಜಾಗ. ಒಂದು ಮುಖ ಬರೆದುಬಿಡಿ."

"ಯಾರ ಮುಖ, ಸರ್? ಫೋಟೋ ಇಲ್ಲ, ದಾಖಲೆ ಇಲ್ಲ."

"ಗಡ್ಡ ಇದ್ರಾಯ್ತು. ಅವರೇನು ಬಂದು ಕೇಳ್ತಾರಾ?"

"ನಾನು ಬರೆಯಲ್ಲ."

ಅವರು ದನಿ ಇಳಿಸಿದರು. "ನಿಮ್ಮ ದುಃಖ ಗೊತ್ತು. ಆದ್ರೆ ಖಾಲಿ ಜಾಗ ಖಾಲಿನೇ ಇರಬೇಕು ಅಂತ ಹಟ ಹಿಡಿದ್ರೆ ಹೇಗೆ?"

ಇದೇ ಮಾತನ್ನು ಚಿಕ್ಕಮ್ಮ ಮನೆಯಲ್ಲಿ ನನ್ನ ಮರುಮದುವೆಯ ವಿಷಯಕ್ಕೆ ಹೇಳುತ್ತಾರೆ.

ಮರುದಿನ ನಿರ್ದೇಶಕರು ಕರೆಸಿದ ಬೋರ್ಡು ಬರೆಯುವವನು ಏಣಿ ಹೊತ್ತು ಬಂದ.

"ಅಕ್ಕಾ, ಎನಾಮಲ್ ಪೇಂಟ್ ತಂದಿದೀನಿ. ನಡೆಯುತ್ತಾ?"

"ಬೇಡಪ್ಪ, ಗೋಡೆ ಹಾಳಾಗುತ್ತೆ. ಇದನ್ನ ತಗೋ" ಎಂದು ನನ್ನ ಬಣ್ಣದ ಡಬ್ಬಿ ಕೊಟ್ಟೆ. ನಾವು ಬಳಸುವುದು ನೀರಿನಲ್ಲಿ ಹೋಗುವ ಬಣ್ಣ. ನಮ್ಮ ತಪ್ಪನ್ನು ಮುಂದೆ ಬಂದವರು ತೆಗೆಯುವಂತಿರಬೇಕು. ಅಷ್ಟನ್ನು ಯಾರಿಗೂ ಹೇಳಲಿಲ್ಲ.

ಸಂಜೆಗೆ ಮುಖ ಸಿದ್ಧವಾಯಿತು. ಮೂಗನ್ನು ಎಲ್ಲೋ ನೋಡಿದಂತಿತ್ತು.

"ಯಾರ ಮೂಗಪ್ಪ ಇದು?"

"ಸಾಹೇಬ್ರದ್ದೇ ಅಕ್ಕಾ. ದಿನವಿಡೀ ಎದುರಿಗೇ ನಿಂತಿದ್ರಲ್ಲ, ಬೇರೆ ಮೂಗು ನೆನಪಿಗೇ ಬರಲಿಲ್ಲ."

ಉದ್ಘಾಟನೆಯ ದಿನ ಅತಿಥಿಗಳು ಒಳಗೆ ಬಂದಾಗ ನಾನು ಏಣಿಯ ಮೇಲಿದ್ದೆ. ಹತ್ತಿಯನ್ನು ನೀರಿನಲ್ಲಿ ಅದ್ದಿ ಹಣೆಯಿಂದ ಶುರುಮಾಡಿದೆ.

"ಏನ್ ಮಾಡ್ತಿದೀರಾ? ಇಳೀರಿ ಕೆಳಗೆ" ಎಂದರು ನಿರ್ದೇಶಕರು.

"ನನ್ನ ಕೆಲಸ, ಸರ್."

"ಕೆಲಸ ಹೋಗುತ್ತೆ."

"ಇದು ಮುಗಿದ ಮೇಲೆ ಹೋಗಲಿ."

ಅತಿಥಿಗಳ ನಡುವಿನಿಂದ ಒಬ್ಬ ಅಜ್ಜಿ ಮುಂದೆ ಬಂದರು. "ಯಾಕಮ್ಮ ಒರೆಸ್ತಿದೀಯ? ಚೆನ್ನಾಗಿತ್ತಲ್ಲ."

"ಇವರ ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ, ಅಜ್ಜಿ. ಹೋಗಿದ್ದು ಹೋಗಿದೆ. ಇದೆ ಅಂತ ಸುಳ್ಳು ಹೇಳೋಕೆ ನನ್ನಿಂದಾಗಲ್ಲ." ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

ನಿರ್ದೇಶಕರು ಬಂದು ಏಣಿಯ ಕಾಲು ಹಿಡಿದರು. ಅಷ್ಟು ಜನರ ಎದುರು ಅಲ್ಲಾಡಿಸುವಂತಿಲ್ಲ. ಹಿಡಿದದ್ದು ಒಳ್ಳೆಯದೇ ಆಯಿತು. ಗದ್ದದವರೆಗೆ ಒರೆಸಲು ನನಗೆ ಎರಡೂ ಕೈ ಬೇಕಿತ್ತು.