ನನ್ನ ಮೈಮೇಲಿನ ಹನ್ನೊಂದು ಹೆಸರು

ನಾನೊಂದು ಮೋಟಾರು ಕಾರು. ವಯಸ್ಸು ಎಂಬತ್ತೇಳು. ಮನುಷ್ಯರು ವಯಸ್ಸು ಕೇಳಿದರೆ ಒಂದೆರಡು ವರ್ಷ ನುಂಗಿಬಿಡುತ್ತಾರೆ. ನಮ್ಮ ಕುಲದಲ್ಲಿ ವಯಸ್ಸಾದಷ್ಟೂ ಬೆಲೆ ಹೆಚ್ಚು, ಆದ್ದರಿಂದ ನಾನು ಒಂದೆರಡು ಸೇರಿಸಿಯೇ ಹೇಳುವವಳು. ಇವತ್ತು ಮಾತ್ರ ನಿಜ ಹೇಳಿದ್ದೇನೆ.

ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ನನ್ನನ್ನು ಹೆತ್ತ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಹಡಗಿನಲ್ಲಿ ಮುಂಬಯಿಗೆ ಬಂದೆ, ಅಲ್ಲಿಂದ ರೈಲಿನಲ್ಲಿ ಗದಗಿಗೆ. ಹತ್ತಿ ಗಿರಣಿಯ ಚನ್ನಮಲ್ಲಪ್ಪ ಹುಯಿಲಗೋಳ ನನ್ನ ಮೊದಲ ಯಜಮಾನರು. ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: "ನೋಡ್ರಿ, ಮುಟ್ಟಬ್ಯಾಡ್ರಿ." ಕೊಟ್ಟ ದುಡ್ಡಿನ ಒಂದೂವರೆ ಪಟ್ಟು ಬೆಲೆಯನ್ನು ಊರಿಗೆಲ್ಲ ಸಾರಿದ್ದರು. ನನಗೂ ಆ ಸುಳ್ಳು ಹಿತವಾಗಿಯೇ ಇತ್ತು.

ಯಜಮಾನರು ಹೋದರು, ಗಿರಣಿ ನಿಂತಿತು. ನನ್ನ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಟ್ಟವು. ಸಾವಿರದ ಒಂಬೈನೂರ ಎಂಬತ್ಮೂರರಲ್ಲಿ ಗುಜರಿಗೆ ಹಾಕುವುದೆಂದು ತೀರ್ಮಾನವಾಗಿ, ಹತ್ತಿ ಗಾಡಿ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದರು. ಕಿಲೋಗೆ ಇಷ್ಟೆಂದು ನನ್ನ ಬೆಲೆ ಕಟ್ಟಿದರು! ಆ ತೂಕಕ್ಕೆ ದುಡ್ಡು ಎಣಿಸಿದವನು ಬೆಟಗೇರಿಯ ಮೆಕ್ಯಾನಿಕ್ ಮೌಲಾಸಾಬ ನದಾಫ. ದುಡ್ಡು ಕೊಟ್ಟವನೇ ನನ್ನ ಬಾನೆಟ್ ತಟ್ಟಿ ಹೇಳಿದ: "ಬ್ಯಾಸರ ಮಾಡ್ಕೋಬ್ಯಾಡವ್ವ. ನಿನ್ನ ಬೆಲಿ ನಾ ಬಲ್ಲೆ." ಅವತ್ತೇ ನಾನು ಅವನವಳಾದೆ.

ನನ್ನ ಬಿಡಿಭಾಗಗಳು ಈ ದೇಶದಲ್ಲೇ ಸಿಗುತ್ತಿರಲಿಲ್ಲ. ಮೌಲಾಸಾಬ ಒಂದೊಂದನ್ನೇ ಕೈಯಾರೆ ಮಾಡತೊಡಗಿದ, ಊರಿನವರು ಕೈಜೋಡಿಸಿದರು. ಒಡೆದ ತಂಬಿಗೆಯ ಹಿತ್ತಾಳೆಯನ್ನು ನೀಲವ್ವ ಕೊಟ್ಟಳು, ಅದನ್ನು ಕರಗಿಸಿ ರೇಡಿಯೇಟರಿನ ಮುಚ್ಚಳ ಮಾಡಿದ. ಚಕ್ಕಡಿ ಗಾಡಿ ಮಾಡುವ ಕಾಳಪ್ಪ ಬಡಿಗೇರ ಬಾಗಿಲಿಗೆ ಮರದ ಚೌಕಟ್ಟು ಕೂಡಿಸಿಕೊಟ್ಟ. ಬ್ಯಾಂಡ್ ಬಾರಿಸುವ ಫಕೀರಪ್ಪ ತನ್ನ ಹಳೆಯ ತುತ್ತೂರಿಯನ್ನೇ ನನ್ನ ಹಾರ್ನಿಗೆ ದಾನ ಮಾಡಿದ.

ಆಗ ನಡುವೆ ಬಂದವಳು ಮೌಲಾಸಾಬನ ಹೆಂಡತಿ ಮಾಬೂಬಿ. ಅವಳಪ್ಪ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಕೊರೆಯುತ್ತಿದ್ದವನು. ಅವಳಿಗೂ ಆ ಉಳಿ, ಸುತ್ತಿಗೆ ಕೈವಶವಾಗಿದ್ದವು. ಗದಗಿನ ಕಡೆ ಮದುವೆಗೆ ಪಾತ್ರೆ ಕೊಡುವವರು ತಮ್ಮ ಹೆಸರು ಕೊರೆಸದೆ ಕೊಡುವುದಿಲ್ಲ. "ಕೊಟ್ಟೋರ ಹೆಸರಿಲ್ಲದ ಸಾಮಾನು ಮನ್ಯಾಗ ಇಟ್ಕೋಬಾರ್ದು" ಎಂದು ಅವಳು ಮುಚ್ಚಳದ ಮೇಲೆ ನೀಲವ್ವನ ಹೆಸರು, ಇಸವಿ ಎರಡನ್ನೂ ಕೊರೆದೇಬಿಟ್ಟಳು. ಚೌಕಟ್ಟಿಗೆ ಹಿತ್ತಾಳೆಯ ಪಟ್ಟಿ ಹೊಡೆದು ಕಾಳಪ್ಪನ ಹೆಸರು, ಹಾರ್ನಿನ ಮೇಲೆ ಫಕೀರಪ್ಪನದು. ಹೀಗೆ ಹನ್ನೊಂದು ಭಾಗ, ಹನ್ನೊಂದು ಹೆಸರು. ಸುಳ್ಳು ಯಾಕೆ, ಮೊದಮೊದಲು ನನಗೆ ಸಿಟ್ಟು ಬಂದಿತ್ತು. ವಿಲಾಯತಿ ಹೆಣ್ಣು ನಾನು, ಅಡುಗೆಮನೆಯ ಕೊಡದ ಹಾಗೆ ಮಾಡಿದರಲ್ಲ ಎಂದು.

ಆಮೇಲಿನ ನಲವತ್ತು ವರ್ಷ ಗದಗಿನ ಎಷ್ಟೋ ಮದುಮಕ್ಕಳು ನನ್ನೊಳಗೆ ಕೂತು ಮೆರವಣಿಗೆ ಹೊರಟರು. ಹೂವು ಕಟ್ಟುವವಳು ಮಾಬೂಬಿ, ನಡೆಸುವವನು ಮೌಲಾಸಾಬ. ಅವರಿಬ್ಬರ ಜಗಳ, ನಗೆ ಎಲ್ಲ ನನ್ನ ಮುಂದೆಯೇ ನಡೆಯಿತು. ನನಗಿಂತ ಮೊದಲು ಸವೆದದ್ದು ಮಾಬೂಬಿಯ ಮೊಣಕಾಲು. ಗೋಡೆ ಹಿಡಿದು ನಡೆಯುವ ಹಾಗಾಯಿತು. ಎರಡೂ ಮೊಣಕಾಲು ಬದಲಿಸಬೇಕು, ಐದು ಲಕ್ಷ ಬೇಕು ಎಂದರು ಹುಬ್ಬಳ್ಳಿಯ ಡಾಕ್ಟರು.

ಮೌಲಾಸಾಬನ ಹತ್ತಿರ ಅಷ್ಟು ಬೆಲೆಬಾಳುವುದು ನಾನೊಬ್ಬಳೇ. ಬೆಳಗಾವಿಯ ಶ್ರೀಮಂತರೊಬ್ಬರು ಹಳೆಯ ಕಾರುಗಳನ್ನು ಕೂಡಿಸುತ್ತಾರೆಂದು ತಿಳಿದು ಹೇಳಿಕಳಿಸಿದ. ಆಮೇಲೆ ಎರಡು ದಿನ ನನ್ನೆದುರು ನಿಂತು ಬೆಲೆ ಹೇಳುವ ಅಭ್ಯಾಸ ಮಾಡಿದ. "ಐದು ಲಕ್ಷ" ಎನ್ನುವಾಗ ಅವನ ದನಿ 'ಐದು'ವಿನಲ್ಲಿ ಏರಿ 'ಲಕ್ಷ'ದಲ್ಲಿ ಇಳಿದುಬಿಡುತ್ತಿತ್ತು. ಇಂಥ ಮಾರಾಟಗಾರನಿಗೆ ಯಾರು ಹೆದರುತ್ತಾರೆ?

ಶ್ರೀಮಂತರ ಪರವಾಗಿ ನನ್ನ ಬೆಲೆ ಕಟ್ಟಲು ಬಂದವನು ಅನಂತ ಕುಲಗೋಡ ಎಂಬ ಗೃಹಸ್ಥ. ಕಾರುಗಳ ಪರೀಕ್ಷೆಯೇ ಅವನ ಉದ್ಯೋಗ. ಬಂದವನು ನನ್ನ ಸುತ್ತ ಎರಡು ಸಲ ತಿರುಗಿದ. "ಕಾಕಾ, ಇಂಥಾದ್ದು ದೇಶದಾಗ ನಾಕೈದು ಉಳದಿದ್ರ ಹೆಚ್ಚು. ಎಷ್ಟ ಚಂದ ಅದಾಳ್ರೀ!" ಎಂದ. ನಾನು ಉಬ್ಬಿಹೋದೆ. ಮೌಲಾಸಾಬ ಇದೇ ಸಮಯವೆಂದು "ಐದು ಲಕ್ಷ" ಅಂದ. ಈ ಸಲ ದನಿ ಇಳಿಯಲಿಲ್ಲ.

ಆಮೇಲೆ ಕುಲಗೋಡ ಟಾರ್ಚು ಹಿಡಿದು ಬಗ್ಗಿದ. ಎಂಜಿನ್ನಿನ ನಂಬರು ಸರಿಯಾಗಿತ್ತು. ರೇಡಿಯೇಟರಿನ ಮುಚ್ಚಳಕ್ಕೆ ಬಂದ. ಓದಿದ: "ನೀಲವ್ವ ಸಿದ್ದಪ್ಪ ಮುಳಗುಂದ, 1984." ಅವನ ಮುಖ ಸಣ್ಣದಾಯಿತು. ಬಾಗಿಲು, ಹಾರ್ನು, ದೀಪದ ಬಳೆ. ಒಂದೊಂದು ಹೆಸರಿಗೂ ಹಾಳೆಯ ಮೇಲೆ ಒಂದೊಂದು ಅಡ್ಡಗೆರೆ ಎಳೆದ.

"ಅಸಲಿ ಭಾಗ ಇದ್ರನ ಐದು ಬರ್ತೈತಿ, ಕಾಕಾ. ಇದಕ್ಕ ಎರಡೂವರಿ ಅಷ್ಟ. ಹೆಸರು ಇಲ್ಲದಿದ್ರ ನಾನೂ ಮೋಸ ಹೋಗ್ತಿದ್ದೆ, ಅಷ್ಟ ನಾಜೂಕಾಗಿ ಮಾಡೀರಿ. ನಕಲಿ ಮಾಲಿಗೆ ಯಾರಾರ ತಾವಾಗಿ ಚೀಟಿ ಅಂಟಿಸ್ತಾರೇನ್ರೀ?"

ಅಷ್ಟರಲ್ಲಿ ಮಾಬೂಬಿ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಚಹಾ ಹಿಡಿದು ಬಂದಳು. ಕುಲಗೋಡ ಅವಳ ನಡಿಗೆಯನ್ನು ನೋಡಿದ. ಹೊರಡುವಾಗ ಮೌಲಾಸಾಬನನ್ನು ಪಕ್ಕಕ್ಕೆ ಕರೆದ. "ನಾ ನಾಳೆ ಮತ್ತ ಬರ್ತೀನಿ. ಅಷ್ಟರಾಗ ಆ ಹೆಸರು ಕಾಣದಂಗ ಆಗಿದ್ರ ನಾ ಏನೂ ನೋಡಿಲ್ಲ. ಐದು ಅಂತನ ಬರೀತೀನಿ." ಕೆಟ್ಟವನಲ್ಲ ಅವನು. ಕನಿಕರಕ್ಕೆ ಹೇಳಿದ.

ಆ ಮಧ್ಯಾಹ್ನ ಮೌಲಾಸಾಬ ಲೋಹ ತಿಕ್ಕುವ ಅರ ತಂದು ನನ್ನ ಮುಂದೆ ಕೂತ. ತಿಕ್ಕಲಿ ಎಂದು ನಾನೂ ಆಸೆಪಟ್ಟೆ. ಐದು ಲಕ್ಷದವಳು ಅನ್ನಿಸಿಕೊಳ್ಳುವ ಚಪಲ ನನಗಿತ್ತು, ಮಾಬೂಬಿ ನಡೆಯಲಿ ಎಂಬ ಆಸೆ ಅದಕ್ಕಿಂತ ಹೆಚ್ಚಿಗಿತ್ತು. ಮೂರು ಸಲ ಅರ ಆಡಿತು. ನೀಲವ್ವನ 'ನೀ' ಅರ್ಧ ಹೋಯಿತು.

ಸದ್ದು ಕೇಳಿ ಮಾಬೂಬಿ ಬಂದಳು.

"ಏನ್ ಮಾಡಾಕತ್ತೀರಿ?"

"ನಿನ್ನ ಕಾಲಿನ ಕೆಲಸ," ಎಂದ ಅವನು, ತಲೆ ಎತ್ತದೆ. ಕುಲಗೋಡ ಅಂದದ್ದನ್ನೆಲ್ಲ ಹೇಳಿದ.

ಅವಳು ಅವನ ಕೈಯಿಂದ ಅರ ಕಸಿದುಕೊಂಡಳು. "ಹೆಸರು ತಿಕ್ಕಿದ ಪಾತ್ರಿ ಯಾರಾರ ತಂದ್ರ ನಮ್ಮಪ್ಪ ಮುಟ್ಟತಿರಲಿಲ್ಲ. ಅದು ಕಳ್ಳರ ಕೆಲಸ ಅಂತಿದ್ದ. ನೀಲವ್ವ ತಂಬಿಗಿ ಕೊಟ್ಟಾಳ, ಕೊಟ್ಟಿಲ್ಲ ಅಂತ ಹ್ಯಾಂಗ ಅನ್ನೂದು?"

"ಎರಡೂವರಿಗೆ ಒಂದ ಮೊಣಕಾಲು ಆಗ್ತೈತಿ, ಮಾಬೂಬಿ."

"ಒಂದ ಆಗಲಿ."

"ಇನ್ನೊಂದಕ್ಕ?"

"ಇನ್ನೊಂದಕ್ಕ ನೀವಿಲ್ಲೇನು?"

ಮೌಲಾಸಾಬ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮರುದಿನ ಕುಲಗೋಡನಿಗೆ ತಾನಾಗಿಯೇ ಎರಡೂವರೆ ಎಂದ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಈಗ ನಾನು ಬೆಳಗಾವಿಯಲ್ಲಿ, ಆ ಶ್ರೀಮಂತರ ಕಾರುಮನೆಯಲ್ಲಿದ್ದೇನೆ. ಎತ್ತರದ ಮಾಡು, ಸಾಲಾಗಿ ಹನ್ನೆರಡು ಮುದುಕ ಕಾರುಗಳು, ನನ್ನದು ಮೂಲೆಯ ಜಾಗ. ಎದುರಿನ ಫಲಕದಲ್ಲಿ 'ಹನ್ನೊಂದು ಭಾಗ ಅಸಲಿ ಅಲ್ಲ' ಎಂದು ಬರೆದಿದ್ದಾರೆ. ಪಕ್ಕದವನದು ಎಲ್ಲವೂ ಅಸಲಿ, ಅದಕ್ಕೇ ಜಂಬ. ಇರಲಿ. ಬೆಲೆ ಕಟ್ಟುವವರು ಕಂಪನಿ ಕೊಟ್ಟದ್ದನ್ನು ಮಾತ್ರ ಎಣಿಸುತ್ತಾರೆ. ನನ್ನನ್ನು ಎಬ್ಬಿಸಿ ಓಡಿಸಿದವರು ಆ ಹನ್ನೊಂದು ಜನ, ಅದು ನನಗೆ ಗೊತ್ತು.

ಹೋದ ತಿಂಗಳು ಗಂಡಹೆಂಡತಿ ನನ್ನನ್ನು ನೋಡಲು ಬಂದಿದ್ದರು. ಬಾಗಿಲಿಗೆ ಮೂರು ಮೆಟ್ಟಿಲು. ಮಾಬೂಬಿ ಹೊಸ ಮೊಣಕಾಲನ್ನು ಮೊದಲು ಇಟ್ಟು, ಹಳೆಯದರ ಭಾರವನ್ನು ಗಂಡನ ಹೆಗಲಿಗೆ ಬಿಟ್ಟು ಹತ್ತಿದಳು. ಕಾವಲುಗಾರ ಕುರ್ಚಿ ತಂದ. ಅವಳು ಬೇಡವೆಂದಳು. ಮೂರನೆಯ ಮೆಟ್ಟಿಲಿಗೆ ಏದುಸಿರು ಬಿಟ್ಟವನು ಎಪ್ಪತ್ನಾಲ್ಕರ ಮೌಲಾಸಾಬ. ಅವಳು ನಿಂತು, ಅವನ ತೋಳು ಹಿಡಿದು ಹೇಳಿದಳು: "ಸಾವಕಾಶ ಬರ್ರಿ. ನಾ ಹಿಡಕೊಂಡೀನಿ."